ಫಿನ್ನಿಶ್ ಕೋರ್ಸ್ ಬಗ್ಗೆ ನಿಜ ಹೇಳೋಣ: "ಸೂಪರ್" ಅಂತಲೋ "ವೇಸ್ಟ್" ಅಂತಲೋ ಬರೆದರೆ ಸಾಲದು

ಮಲೆನಾಡು_ಎಸ್ಪೊ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ಫಿನ್ಲೆಂಡಿಗೆ ಹೊಸದಾಗಿ ಬಂದ ನಮ್ಮವರು ಪದೇ ಪದೇ ಕೇಳುವ ಪ್ರಶ್ನೆ ಒಂದೇ: ಫಿನ್ನಿಶ್ ಕಲಿಯಲು ಯಾವ ಕೋರ್ಸ್ ಸೇರಲಿ? ಬರುವ ಉತ್ತರಗಳು ಎರಡೇ. ಒಬ್ಬರು "ಸೂಪರ್ ಕೋರ್ಸ್, ಟೀಚರ್ ತುಂಬಾ ಒಳ್ಳೆಯವರು" ಅನ್ನುತ್ತಾರೆ. ಇನ್ನೊಬ್ಬರು "ಟೈಮ್ ವೇಸ್ಟ್, ಯೂಟ್ಯೂಬ್ ಸಾಕು" ಅನ್ನುತ್ತಾರೆ. ಕೇಳಿದವರಿಗೆ ಎರಡರಿಂದಲೂ ಏನೂ ಗೊತ್ತಾಗುವುದಿಲ್ಲ.

ಇದು ಸಣ್ಣ ವಿಷಯ ಅಲ್ಲ. ಪೌರತ್ವ ಬೇಕು ಅಂದರೆ ಸಾಮಾನ್ಯವಾಗಿ ಯುಕಿ ಅನ್ನುವ ಇಲ್ಲಿನ ಅಧಿಕೃತ ಭಾಷಾ ಪರೀಕ್ಷೆಯಲ್ಲಿ ಹಂತ 3 ಬರಬೇಕು, ಅಂದರೆ ಎ1, ಎ2, ಬಿ1 ಅಂತ ಏರುವ ಯುರೋಪಿನ ಭಾಷಾ ಮಟ್ಟಗಳಲ್ಲಿ ಬಿ1. 2024ರ ಅಕ್ಟೋಬರ್ 1ರಿಂದ ಪೌರತ್ವಕ್ಕೆ ಸಾಮಾನ್ಯವಾಗಿ ಬೇಕಾದ ವಾಸದ ಅವಧಿಯೂ 5 ವರ್ಷದಿಂದ 8 ವರ್ಷಕ್ಕೆ ಏರಿದೆ. ಪರೀಕ್ಷೆ ಒಂದು ಕಡೆ ಇರಲಿ. ಐಟಿ ಬಿಟ್ಟು ಬೇರೆ ಕೆಲಸ ಹುಡುಕಲು ಹೋದರೆ ಮೊದಲು ಕೇಳುವುದೇ ಭಾಷೆ ಬರುತ್ತಾ ಅಂತ. ಊರಲ್ಲಿ ಟೀಚರ್, ಅಕೌಂಟೆಂಟ್, ಫಾರ್ಮಸಿಸ್ಟ್ ಆಗಿದ್ದ ಎಷ್ಟೋ ಹೆಣ್ಣುಮಕ್ಕಳು ಗಂಡನ ಕೆಲಸಕ್ಕೋಸ್ಕರ ಇಲ್ಲಿಗೆ ಬಂದು ಎಲ್ಲವನ್ನೂ ಮೊದಲಿಂದ ಶುರು ಮಾಡಿದ್ದಾರೆ. ಅವರು ಒಂದು ಕೋರ್ಸಿಗೆ ಕೊಡುವುದು ತಮ್ಮ ಒಂದು ವರ್ಷವನ್ನು. ಅದು ಸರಿ ಇಲ್ಲದಿದ್ದರೆ ಆ ವರ್ಷ ವಾಪಸ್ ಬರುವುದಿಲ್ಲ.

ಅದಕ್ಕೇ ಕೇಳಿಕೊಳ್ಳುತ್ತೇನೆ. ಕೋರ್ಸ್ ಬಗ್ಗೆ ಬರೆಯುವಾಗ ನೀವು ಸೇರಿದಾಗ ಎಷ್ಟು ಬರುತ್ತಿತ್ತು ಅಂತ ಹೇಳಿ. ಮುಗಿದ ಮೇಲೆ ಏನು ಮಾಡಲು ಬಂತು ಅಂತ ಹೇಳಿ. "ಎ2 ಮುಗಿಸಿದೆ" ಅಂದರೆ ನನಗೆ ಅರ್ಥ ಆಗುವುದಿಲ್ಲ. "ಹೆಲ್ತ್ ಸೆಂಟರ್‌ಗೆ ಫೋನ್ ಮಾಡಿ ಫಿನ್ನಿಶ್‌ನಲ್ಲೇ ಟೈಮ್ ತಗೊಂಡೆ" ಅಂದರೆ ತಕ್ಷಣ ಅರ್ಥವಾಗುತ್ತದೆ. ಇನ್ನೊಂದು, ನಮಗೆ ಹೇಳುವ ಮಾತನ್ನು ಕೋರ್ಸ್ ನಡೆಸುವವರಿಗೂ ಹೇಳಿ. ನಾವೆಲ್ಲ ಇಲ್ಲಿ ಗೊಣಗಿಕೊಂಡು ಅಲ್ಲಿ ಫಾರ್ಮ್‌ನಲ್ಲಿ ಎಲ್ಲದಕ್ಕೂ ಪೂರ್ತಿ ಅಂಕ ಹಾಕಿ ಬರುತ್ತೇವೆ. ಮುಂದಿನ ವರ್ಷದವರಿಗೂ ಅದೇ ಗತಿ.

ಸಂಸ್ಥೆಗಳ ಹೆಸರು, ಟೀಚರ್‌ಗಳ ಹೆಸರು ಇಲ್ಲಿ ಬೇಡ. ಬೇಕಾದವರು ಮೆಸೇಜಲ್ಲಿ ಕೇಳಿಕೊಳ್ಳಿ.

ವಾಂತಾ_ಅಮ್ಮ

ಒಳ್ಳೆ ವಿಷಯ ತೆಗೆದಿದ್ದೀರಿ ಅಕ್ಕ. ಆ ಫಾರ್ಮ್ ತುಂಬುವ ದಿನ ಹೇಗಿರುತ್ತದೆ ಅಂತ ಹೇಳುತ್ತೇನೆ. ಕೊತೊ ಕೋರ್ಸಿನ, ಅಂದರೆ ವಲಸೆ ಬಂದವರಿಗೆ ಸರ್ಕಾರ ಕೊಡಿಸುವ ಭಾಷಾ ಕೋರ್ಸಿನ, ಕೊನೆಯ ದಿನ. ಟೀಚರ್ ಮನೆಯಲ್ಲೇ ಪುಲ್ಲ ಅನ್ನುವ ಸಿಹಿ ಬನ್ ಮಾಡಿ ತಂದಿದ್ದಾರೆ. ಒಂದು ಕಡೆ ಕಾಫಿ ಆಗುತ್ತಿದೆ. ಸಿರಿಯಾದ ಅಜ್ಜಿ ಖರ್ಜೂರ ತಂದಿದ್ದಾರೆ, ನಾನು ಚಕ್ಕುಲಿ. ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದಾರೆ, ಇಬ್ಬರು ಅಳುತ್ತಿದ್ದಾರೆ. ಆಗ ಟೀಚರ್ "ಹೋಗುವ ಮುಂಚೆ ದಯವಿಟ್ಟು ಫೀಡ್‌ಬ್ಯಾಕ್ ಕೊಡಿ" ಅಂತ ಲಿಂಕ್ ಕಳಿಸುತ್ತಾರೆ. ಅಂಥ ಹೊತ್ತಲ್ಲಿ ಯಾರು ತಾನೇ ಕಡಿಮೆ ಅಂಕ ಹಾಕುತ್ತಾರೆ? ಎಲ್ಲರೂ ಕಣ್ಣು ಮುಚ್ಚಿ ಪೂರ್ತಿ ಅಂಕ ಒತ್ತಿದರು. ಪ್ರಶ್ನೆಗಳೆಲ್ಲ ಫಿನ್ನಿಶ್‌ನಲ್ಲಿ. ಅರ್ಧ ಜನಕ್ಕೆ ಪ್ರಶ್ನೆಯೇ ಅರ್ಥ ಆಗಿರಲಿಲ್ಲ.

ಆದರೆ ಆ ಕೋರ್ಸಲ್ಲಿ ದೊಡ್ಡ ಕೊರತೆ ಇತ್ತು. ಕಲಿಸಿದ್ದೆಲ್ಲ ಪುಸ್ತಕದ ಭಾಷೆ. ನಾವು ಅಚ್ಚುಕಟ್ಟಾಗಿ "ಮಿನ್ಯಾ ಒಲೆನ್" (ನಾನು ಇದ್ದೇನೆ) ಅನ್ನುತ್ತೇವೆ, ಹೊರಗೆ ಎಲ್ಲರೂ "ಮ್ಯಾ ಓನ್" ಅನ್ನುತ್ತಾರೆ. ನಮಗೆ "ಒಂಕೊ ಸಿನುಲ್ಲ" (ನಿನ್ನ ಹತ್ತಿರ ಇದೆಯಾ) ಗೊತ್ತು, ಅಂಗಡಿಯವರು ಕೇಳುವುದು "ಒಂಕ್ಸ್ ಸುಲ್ಲ". ಮಗನ ಡೇಕೇರಲ್ಲಿ ಒಂದು ದಿನ "ಕುರಾಹೌಸುತ್ ಪೂತ್ತೂ" ಅಂದರು. ಕೆಸರಲ್ಲಿ ಆಡುವಾಗ ಹಾಕುವ ರಬ್ಬರ್ ಪ್ಯಾಂಟ್ ತಂದಿಲ್ಲ ಅಂತ ಅಷ್ಟೇ. ನಾನು ಪೂರ್ತಿ ಕೋರ್ಸ್ ಮುಗಿಸಿದವಳು, ಆದರೂ ಸುಮ್ನೆ ನಕ್ಕು ತಲೆ ಆಡಿಸಿ ಬಂದೆ. ಆ ದಿನ ಮಗು ಬೇರೆಯವರ ಪ್ಯಾಂಟ್ ಹಾಕಿಕೊಂಡು ಆಡಿತು. ಮಕ್ಕಳಿರುವ ಅಪ್ಪ ಅಮ್ಮನೇ ಅರ್ಧ ಕ್ಲಾಸ್ ತುಂಬಿದ್ದೆವು. ಡೇಕೇರಿನ ಭಾಷೆ ಒಂದು ವಾರ ಕೂಡ ಹೇಳಿಕೊಡಲಿಲ್ಲ.

ಇದನ್ನು ಬರೆದಿದ್ದರೆ ಮುಂದಿನ ಗುಂಪಿಗೆ ಒಂದು ವಾರ ಸಿಗುತ್ತಿತ್ತೋ ಏನೋ. ಯಾರೂ ಬರೆಯಲಿಲ್ಲ.

ತಾಂಪೆರೆ_ಹುಡುಗ

ನನ್ನ ಅನಿಸಿಕೆ ಸ್ವಲ್ಪ ಬೇರೆ. ಕೊತೊ ಕೋರ್ಸಿಗೆ ನಾವು ಒಂದು ಯೂರೋ ಕೊಡುವುದಿಲ್ಲ. ಹೋಗುವವರಿಗೆ ನಿರುದ್ಯೋಗ ಭತ್ಯೆಯೂ ನಡೆಯುತ್ತದೆ. ಬೇರೆ ಎಷ್ಟೋ ದೇಶಗಳಲ್ಲಿ ಭಾಷೆ ಕಲಿಯಬೇಕಾದರೆ ಜೇಬಿಂದ ಹಾಕಬೇಕು. ಇಷ್ಟೆಲ್ಲ ಕೊಟ್ಟವರಿಗೆ ಅದು ಸರಿ ಇಲ್ಲ, ಇದು ಸರಿ ಇಲ್ಲ ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಅದೂ ಪಾಠ ಹೇಳಿಕೊಟ್ಟವರ ಮೇಲೆ. ಚಿಕ್ಕಂದಿನಿಂದ ನಾವು ಕಲಿತದ್ದು ಬೇರೆ ಅಲ್ವಾ?

ಔಲು_ಧಾರವಾಡ

ತಮ್ಮಾ, ನಿನ್ನ ಮಾತಿನ ಹಿಂದಿರುವ ಮರ್ಯಾದೆ ನನಗೆ ಅರ್ಥ ಆಗುತ್ತದೆ. ಆದರೆ ಸ್ವಲ್ಪ ಯೋಚನೆ ಮಾಡು. ಆ ಕೋರ್ಸ್ ಯಾರೋ ದಾನ ಕೊಟ್ಟದ್ದಲ್ಲ. ನೀನು ತಿಂಗಳು ತಿಂಗಳು ತೆರಿಗೆ ಕಟ್ಟುತ್ತೀಯಲ್ಲ, ಆ ದುಡ್ಡೂ ಅದರಲ್ಲಿ ಇದೆ. ಸರ್ಕಾರದ ಕಡೆಯವರು ಟೆಂಡರ್ ಕರೆದು ಕೋರ್ಸನ್ನು ಕೊಳ್ಳುತ್ತಾರೆ. ಕೊಂಡವರಿಗೆ ಮಾಲು ಹೇಗಿದೆ ಅಂತ ಗೊತ್ತಾಗಬೇಕಾದರೆ ಬಳಸಿದವರೇ ಹೇಳಬೇಕು. ನಾವು ಬಾಯಿ ಮುಚ್ಚಿಕೊಂಡರೆ ಅಗ್ಗಕ್ಕೆ ಕೂಗಿದವರಿಗೇ ಮುಂದಿನ ಸಲವೂ ಟೆಂಡರ್ ಸಿಗುತ್ತದೆ.

ಇನ್ನು ಗುರುಗಳ ಮಾತು. ಇಲ್ಲಿ ಟೀಚರನ್ನು ಹೆಸರು ಹಿಡಿದು ಕರೆಯುತ್ತಾರೆ. ಪಾಠದ ಮಧ್ಯೆ "ಇದು ನನಗೆ ತಿಳಿಯಲಿಲ್ಲ, ಇನ್ನೊಂದು ಸಲ ಹೇಳಿ" ಅಂದರೆ ಖುಷಿ ಪಡುತ್ತಾರೆ. ಮನಸ್ಸಲ್ಲಿ ಇಟ್ಟುಕೊಂಡು ಹೊರಗೆ ಆಡಿಕೊಳ್ಳುವುದನ್ನೇ ಇವರು ಅಗೌರವ ಅಂತ ತಿಳಿಯುತ್ತಾರೆ.

ವಾಂತಾದ ತಂಗಿ ಹೇಳಿದ ಆಡುಮಾತಿನ ಕಥೆ ಔಲುವಿನಲ್ಲಿ ಇನ್ನೂ ಜಾಸ್ತಿ. ಇಲ್ಲಿಯವರು "ಮಿನ್ಯಾ"ಗೆ "ಮ್ಯಾ" ಅಂತಾನೂ ಅನ್ನುವುದಿಲ್ಲ, "ಮ್ಯಾಆ" ಅಂತ ಎಳೆಯುತ್ತಾರೆ. "ಸಿನ್ಯಾ" (ನೀನು) ಅನ್ನುವುದಕ್ಕೆ "ನ್ಯಾಆ". ಶಾಲೆ ಪುಸ್ತಕದ ಕನ್ನಡ ಓದಿಕೊಂಡು ಹುಬ್ಬಳ್ಳಿ ಸಂತೆಗೆ ಹೋದವನ ಪರಿಸ್ಥಿತಿ ನನ್ನದು. ನಾನು ಕೋರ್ಸಿನ ಮಧ್ಯದಲ್ಲೇ ಟೀಚರ್‌ಗೆ ಹೋಗಿ ಹೇಳಿದೆ: ದಿನಾ ಕೊನೆಯ ಹದಿನೈದು ನಿಮಿಷ ನೀವು ಮನೆಯಲ್ಲಿ ಮಾತಾಡುವ ಹಾಗೆ ನಮ್ಮ ಜೊತೆ ಮಾತಾಡಿ ಅಂತ. ಅವರು ಒಪ್ಪಿಕೊಂಡರು. ಮೊದಲ ವಾರ ಯಾರಿಗೂ ಏನೂ ಅರ್ಥ ಆಗಲಿಲ್ಲ. ಆಮೇಲೆ ಎಲ್ಲರೂ ಕಾಯುತ್ತಿದ್ದದ್ದೇ ಆ ಹದಿನೈದು ನಿಮಿಷಕ್ಕೆ.

ಹೊಸಬಳು_ಹೆಲ್ಸಿಂಕಿ

ನಾನು ಈಗಷ್ಟೇ ಕೊತೊ ಕೋರ್ಸ್ ಸೇರಿದ್ದೇನೆ. ಒಂದು ಭಯ ಇದೆ, ಕೇಳಬಹುದಾ? ನಮ್ಮ ಹಾಜರಾತಿ ಉದ್ಯೋಗ ಕಚೇರಿಗೆ ಹೋಗುತ್ತದೆ ಅಂತ ಮೊದಲ ದಿನವೇ ಹೇಳಿದರು. ಕೋರ್ಸ್ ಬಗ್ಗೆ ಏನಾದರೂ ಕೆಟ್ಟದಾಗಿ ಬರೆದರೆ ಭತ್ಯೆಗೆ ತೊಂದರೆ ಆಗುತ್ತದಾ? ಮುಂದೆ ಪರ್ಮಿಟ್ ಅರ್ಜಿಗೆ? ನಮ್ಮ ಕ್ಲಾಸಲ್ಲಿ ಬೇರೆ ದೇಶದವರೂ ಇದೇ ಹೆದರಿಕೆಯಿಂದ ಬಾಯಿ ಬಿಡುವುದಿಲ್ಲ.

ತುರ್ಕು_ಟೀಚರ್

ನಾನು ವಯಸ್ಕರಿಗೆ ಫಿನ್ನಿಶ್ ಕಲಿಸುವ ಕಡೆ ಕೆಲಸ ಮಾಡುತ್ತೇನೆ. ನಾನೂ ಒಂದು ಕಾಲದಲ್ಲಿ ಅದೇ ಬೆಂಚಿನಲ್ಲಿ ಕೂತು ಕಲಿತವಳು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲು ಹೊಸಬಳ ಪ್ರಶ್ನೆಗೆ. ಹಾಜರಾತಿ ಬೇರೆ, ಫೀಡ್‌ಬ್ಯಾಕ್ ಬೇರೆ. ಕಾರಣ ಹೇಳದೆ ತಪ್ಪಿಸಿಕೊಂಡರೆ ಅದು ಕಚೇರಿಗೆ ತಿಳಿಯುತ್ತದೆ, ಭತ್ಯೆಗೂ ತೊಂದರೆ ಆಗಬಹುದು. ಕೋರ್ಸ್ ಬಗ್ಗೆ ಅಭಿಪ್ರಾಯ ಬರೆದದ್ದಕ್ಕೆ ಯಾರ ಭತ್ಯೆಯನ್ನೂ ನಿಲ್ಲಿಸುವುದಿಲ್ಲ. ಪರ್ಮಿಟ್‌ಗೂ ಅದಕ್ಕೂ ಸಂಬಂಧ ಇಲ್ಲ. ಉದ್ಯೋಗ ಇಲಾಖೆಯವರು ಕೊಳ್ಳುವ ತರಬೇತಿಗಳಿಗೆ ಫೀಡ್‌ಬ್ಯಾಕ್ ವ್ಯವಸ್ಥೆ ಇದೆ. ಅದರಲ್ಲಿ ಸಾಮಾನ್ಯವಾಗಿ ಹೆಸರು ಬರೆಯುವುದಿಲ್ಲ. ಆದರೂ ಒಂದು ಎಚ್ಚರಿಕೆ: ಹದಿನೈದು ಜನರ ಗುಂಪಿನಲ್ಲಿ "ಬೆಂಗಳೂರಿಂದ ಬಂದ, ಇಬ್ಬರು ಮಕ್ಕಳಿರುವ ನನಗೆ" ಅಂತ ಬರೆದರೆ ಟೀಚರ್‌ಗೆ ಯಾರು ಅಂತ ಗೊತ್ತಾಗಿಯೇ ಆಗುತ್ತದೆ. ನಿಮ್ಮ ಗುರುತು ಬೇಡ ಅಂದರೆ ನಿಮ್ಮ ವಿವರ ಬಿಟ್ಟು ಪಾಠದ ವಿವರ ಬರೆಯಿರಿ.

ಅಂಕಗಳು ವರದಿಗೆ ಹೋಗುತ್ತವೆ. ನಿಜವಾಗಿ ಪಾಠ ಬದಲಾಯಿಸುವುದು ನೀವು ಖಾಲಿ ಜಾಗದಲ್ಲಿ ಬರೆಯುವ ಎರಡು ಸಾಲು. ಅಲ್ಲಿ "ಟೀಚರ್ ಚೆನ್ನಾಗಿಲ್ಲ" ಅಂತ ಇದ್ದರೆ ನಮಗೆ ಏನು ಮಾಡಬೇಕೋ ತಿಳಿಯುವುದಿಲ್ಲ, ಮನಸ್ಸಿಗೆ ನೋವಾಗುತ್ತದೆ ಅಷ್ಟೇ. "ಪಾರ್ತಿತೀವಿ ವಿಭಕ್ತಿ ಬಗ್ಗೆ ಮೂರು ದಿನ ನಿಯಮ ಹೇಳಿದಿರಿ, ಒಂದು ಸಲವೂ ಬಾಯಿಂದ ವಾಕ್ಯ ಹೇಳಿಸಲಿಲ್ಲ" ಅಂತ ಇದ್ದರೆ ಮುಂದಿನ ಗುಂಪಿಗೆ ನಾನು ಖಂಡಿತ ಬದಲಾಯಿಸುತ್ತೇನೆ.

ಇನ್ನೊಂದು ವಿಷಯ ತುಂಬಾ ಮುಖ್ಯ. ಯಾವ ದೂರು ಯಾರಿಗೆ ಸೇರಬೇಕು ಅನ್ನುವುದು. ಕ್ಲಾಸಲ್ಲಿ ಅಕ್ಷರ ಈಗ ಕಲಿಯುತ್ತಿರುವವರು, ಇಂಜಿನಿಯರಿಂಗ್ ಮುಗಿಸಿದವರು ಒಟ್ಟಿಗೆ ಕೂತಿದ್ದರೆ ಅದು ಟೀಚರ್ ತಪ್ಪಲ್ಲ. ಶುರುವಿನಲ್ಲಿ ನಡೆಯುವ ಮಟ್ಟದ ಪರೀಕ್ಷೆಯಲ್ಲಿ ನಿಮ್ಮನ್ನು ಎಲ್ಲಿ ಹಾಕಿದರು ಅನ್ನುವುದರ ಮೇಲೆ ಅದು ನಿಂತಿದೆ. ನಿಧಾನದ ಗುಂಪಿಗೆ ಬಿದ್ದಿದ್ದರೆ ಮೊದಲ ವಾರಗಳಲ್ಲೇ ಹೇಳಿ, ಗುಂಪು ಬದಲಾಯಿಸಲು ಆಗ ಅವಕಾಶ ಇರುತ್ತದೆ. ಕೋರ್ಸ್ ನಡುವೆ ಹೊಸಬರು ಬಂದು ಸೇರುತ್ತಾ ಇದ್ದರೆ, ಅದು ಟೆಂಡರಿನ ಷರತ್ತು. ಒಂದೇ ಕೋರ್ಸಿಗೆ ಟೀಚರ್ ಮೇಲೆ ಟೀಚರ್ ಬದಲಾದರೆ, ಅವರನ್ನೆಲ್ಲ ಸಣ್ಣ ಸಣ್ಣ ಅವಧಿಗೆ ಕೆಲಸಕ್ಕೆ ಇಟ್ಟುಕೊಂಡಿರುವುದು ಅದಕ್ಕೆ ಕಾರಣ ಇರಬಹುದು. ಇಂಥದ್ದನ್ನೆಲ್ಲ ಟೀಚರ್ ಮೇಲೆ ಹಾಕಿದರೆ ಒಳ್ಳೆಯ ಟೀಚರ್ ಕೆಲಸ ಬಿಟ್ಟು ಹೋಗುತ್ತಾರೆ, ವ್ಯವಸ್ಥೆ ಹಾಗೇ ಉಳಿಯುತ್ತದೆ. ಈ ದೂರು ಸೇರಬೇಕಾದದ್ದು ಸಂಸ್ಥೆಯ ಕೋಆರ್ಡಿನೇಟರ್‌ಗೆ, ಮತ್ತೆ ಕೋರ್ಸ್ ಕೊಂಡ ಕಚೇರಿಗೆ.

2025ರ ಜನವರಿ 1ರಿಂದ ಉದ್ಯೋಗ ಸೇವೆಗಳು ಸರ್ಕಾರದ ಟಿಇ ಕಚೇರಿಗಳಿಂದ ಊರಿನ ಆಡಳಿತಗಳಿಗೆ ಹೋಗಿವೆ. ವಲಸಿಗರ ಹೊಸ ಕೊತೊ ಕಾನೂನೂ ಅದೇ ದಿನ ಜಾರಿಗೆ ಬಂತು. ಅಂದರೆ ಈಗ ಎಸ್ಪೊದವರು ಎಸ್ಪೊಗೆ, ತುರ್ಕುವಿನವರು ತುರ್ಕು ಕಡೆಗೆ ಹೇಳಬೇಕು. ಅದಕ್ಕಿಂತ ಹಳೆಯ ಅನುಭವ ಓದುವಾಗ ಇದು ನೆನಪಿರಲಿ. ಆಗ ಕೋರ್ಸ್ ನಡೆಸುತ್ತಿದ್ದವರೇ ಈಗ ಇಲ್ಲದೆಯೂ ಇರಬಹುದು.

ಹೊಸಬಳು_ಹೆಲ್ಸಿಂಕಿ

ತುಂಬಾ ಥ್ಯಾಂಕ್ಸ್ ಮೇಡಂ. ಇದನ್ನು ಕ್ಲಾಸಿನ ಉಳಿದವರಿಗೂ ಹೇಳುತ್ತೇನೆ. ಟೀಚರ್‌ಗೆ ನೇರವಾಗಿ ಹೇಳಬೇಕಾದರೆ ಫಿನ್ನಿಶ್‌ನಲ್ಲಿ ಹೇಗೆ ಹೇಳಲಿ? ಒರಟಾಗಿ ಕೇಳಿಸಿಬಿಡುತ್ತದೆ ಅಂತ ಸಂಕೋಚ.

ತುರ್ಕು_ಟೀಚರ್

ಎರಡು ವಾಕ್ಯ ಬಾಯಿಪಾಠ ಮಾಡಿಕೊಳ್ಳಿ. "ವೊಯಿಸಿತ್ಕೊ ಪುಹುವ ವ್ಯಾಹ್ಯಾನ್ ಹಿತಾಮ್ಮಿನ್", ಸ್ವಲ್ಪ ನಿಧಾನವಾಗಿ ಮಾತಾಡುತ್ತೀರಾ ಅಂತ. "ತೊಯಿವೊಯಿಸಿನ್ ಎನೆಮ್ಮ್ಯಾನ್ ಪುಹೆಹರ್ಯೊಯಿತುಕ್ಸಿಯ", ಮಾತಾಡುವ ಅಭ್ಯಾಸ ಇನ್ನೂ ಜಾಸ್ತಿ ಇದ್ದರೆ ಚೆನ್ನಾಗಿತ್ತು ಅಂತ. ಕ್ರಿಯಾಪದದ ಮಧ್ಯೆ "ಇಸಿ" ಬಂದರೆ ಸಾಕು, ಮಾತು ಮೆತ್ತಗಾಗುತ್ತದೆ. "ಪ್ಲೀಸ್"ಗೆ ಪದ ಹುಡುಕಬೇಡಿ, ಅದು ಬೇಕಾಗುವುದೇ ಇಲ್ಲ. ಬ್ರೇಕ್ ಹೊತ್ತಲ್ಲಿ ಕಾಫಿ ಹಿಡಿದುಕೊಂಡು ಹೇಳಿ. ಇಲ್ಲಿ ಅದು ತೀರಾ ಸಹಜ.

ಹಾಸನ_ಹೆಲ್ಸಿಂಕಿ

ದುಡ್ಡು ಕೊಟ್ಟು ಸೇರಿದವರ ಕಥೆಯೂ ಇರಲಿ. ನಾನು ಹಗಲು ಕೆಲಸ ಮಾಡುವವನು, ಕೊತೊ ಕೋರ್ಸ್ ನನಗೆ ಆಗುವುದಿಲ್ಲ. ಊರಿನ ವಯಸ್ಕರ ಕಾಲೇಜಾದ ತ್ಯೊವ್ಯಾಎನ್‌ಒಪಿಸ್ತೊದಲ್ಲಿ ಸಂಜೆ ಕ್ಲಾಸ್ ಇರುತ್ತವೆ, ಫೀಸೂ ಕಡಿಮೆ. ಆದರೆ ಶುರುವಿನ ಮಟ್ಟದ ಗುಂಪುಗಳು ಬೇಗ ತುಂಬಿ ಹೋಗುತ್ತವೆ. ಹಾಗಾಗಿ ಒಂದು ಖಾಸಗಿ ಆನ್‌ಲೈನ್ ಕೋರ್ಸ್ ತಗೊಂಡೆ. ಜಾಹೀರಾತಿನಲ್ಲಿ ಕೆಲವೇ ತಿಂಗಳಲ್ಲಿ ಬಿ1 ಅಂತ ಇತ್ತು.

ನಡೆದದ್ದು ಹೀಗೆ. ಎಲ್ಲರ ಕ್ಯಾಮೆರಾ ಆಫ್. ಟೀಚರ್ ಸ್ಲೈಡ್ ಓದುತ್ತಾರೆ. ಮಾತಾಡಲು ಇಬ್ಬಿಬ್ಬರನ್ನು ಬೇರೆ ರೂಮಿಗೆ ಹಾಕುತ್ತಾರೆ. ಅಲ್ಲಿ ಎದುರಿನವರು ಮ್ಯೂಟ್, ಇಲ್ಲಾ ಇಂಗ್ಲಿಷಲ್ಲಿ ಹವಾಮಾನ ಮಾತಾಡಿ ವಾಪಸ್ ಬರುವುದು. ಒಂದು ಸೆಶನ್‌ನಲ್ಲಿ ನಾನು ಫಿನ್ನಿಶ್‌ನಲ್ಲಿ ಬಾಯಿ ಬಿಟ್ಟದ್ದು ಒಂದೆರಡು ವಾಕ್ಯ. ಇದನ್ನೇ ವಿವರವಾಗಿ ಅವರಿಗೆ ಬರೆದೆ. "ನಿಮ್ಮ ಅನುಭವ ಹಂಚಿಕೊಂಡದ್ದಕ್ಕೆ ಧನ್ಯವಾದ" ಅಂತ ಉತ್ತರ ಬಂತು, ಅಷ್ಟೇ.

ದುಡ್ಡು ಕೊಟ್ಟು ಸೇರಿದ ಕೋರ್ಸ್ ಹೇಳಿದ ಹಾಗೆ ನಡೆಯದಿದ್ದರೆ ಇಲ್ಲಿ ಗ್ರಾಹಕ ಸಲಹಾ ಸೇವೆ ಇದೆ, ಕುಲುತ್ತಯನೆಉವೊಂತ ಅಂತಾರೆ. ಉಚಿತ. ಮೊದಲು ಸಂಸ್ಥೆಗೆ ಲಿಖಿತವಾಗಿ ದೂರು ಕೊಟ್ಟಿರಬೇಕು. ಜಾಹೀರಾತಿನ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ. ಸೇರುವ ಮುಂಚೆ ಒಂದು ಪ್ರಶ್ನೆ ತಪ್ಪದೆ ಕೇಳಿ: ನಿಮ್ಮ ಒಂದು ಗಂಟೆ ಅಂದರೆ ಎಷ್ಟು ನಿಮಿಷ? ಇಲ್ಲಿ ಪಾಠದ ಲೆಕ್ಕ ಸಾಮಾನ್ಯವಾಗಿ 45 ನಿಮಿಷದ್ದು. 60 ಪಾಠ ಅಂದರೆ 60 ಗಂಟೆ ಅಲ್ಲ, 45 ಗಂಟೆ.

ತಾಂಪೆರೆ_ಹುಡುಗ

ಧಾರವಾಡದ ಅಣ್ಣ, ಟೆಂಡರ್ ವಿಷಯ ನನಗೆ ಗೊತ್ತಿರಲಿಲ್ಲ. ಒಪ್ಪಿದೆ. ಆದರೆ ಒಂದು ಮಾತು ಸೇರಿಸಲೇಬೇಕು. ಕೋರ್ಸ್ ಸರಿ ಇಲ್ಲ ಅನ್ನುವವರಲ್ಲಿ ಎಷ್ಟೋ ಜನ ಮನೆಗೆ ಬಂದ ಮೇಲೆ ಪುಸ್ತಕ ತೆಗೆಯುವುದೇ ಇಲ್ಲ. ವಾರಕ್ಕೆ ಎರಡು ಸಂಜೆ ಕ್ಲಾಸಿಗೆ ಹೋಗಿ, ಉಳಿದ ಐದು ದಿನ ಆಫೀಸಲ್ಲಿ ಇಂಗ್ಲಿಷ್, ಮನೆಯಲ್ಲಿ ಕನ್ನಡ. ಯಾವ ಕೋರ್ಸ್ ಆದರೂ ಏನು ಮಾಡುತ್ತದೆ? ಅಭಿಪ್ರಾಯ ಬರೆಯುವವರು ತಾವು ಮನೆಯಲ್ಲಿ ಎಷ್ಟು ಹೊತ್ತು ಕೂತಿದ್ದರು ಅಂತಾನೂ ಬರೆಯಲಿ. ಇಲ್ಲದಿದ್ದರೆ ಅದು ಪೂರ್ತಿ ನಿಜ ಆಗುವುದಿಲ್ಲ.

ಮಲೆನಾಡು_ಎಸ್ಪೊ

ಇದು ಸರಿಯಾದ ಮಾತು. ಸೇರಿಸೋಣ.

ನನ್ನದೂ ಒಂದು. ನಮ್ಮ ಕನ್ನಡದವರು "ಕೋರ್ಸ್ ತುಂಬಾ ನಿಧಾನ" ಅಂತ ಬರೆಯುವುದನ್ನು ಜಾಸ್ತಿ ನೋಡುತ್ತೇನೆ. ಅದಕ್ಕೆ ಒಂದು ಕಾರಣ ಇದೆ. ಫಿನ್ನಿಶ್‌ನ ಕೆಲವು ಕಷ್ಟಗಳು ನಮಗೆ ಕಷ್ಟವೇ ಅಲ್ಲ. ತಲೊಸ್ಸ ಅಂದರೆ ಮನೆಯಲ್ಲಿ, ತಲೊಸ್ತ ಅಂದರೆ ಮನೆಯಿಂದ, ತಲೋನ್ ಅಂದರೆ ಮನೆಗೆ. ಪದದ ಬಾಲಕ್ಕೆ ಪ್ರತ್ಯಯ ಅಂಟಿಸುವುದು ನಮಗೆ ಹುಟ್ಟಿದಾಗಿಂದ ರೂಢಿ. ಇಂಗ್ಲಿಷ್ ಮನೆಮಾತಿನವರು ಇದಕ್ಕೇ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತಾರೆ. ಕುಕ ಅಂದರೆ ಯಾರು, ಕುಕ್ಕ ಅಂದರೆ ಹೂವು. ಒತ್ತಕ್ಷರ, ದೀರ್ಘ ನಮ್ಮ ಕಿವಿಗೆ ತಕ್ಷಣ ಸಿಗುತ್ತವೆ. ನಮ್ಮ ಕ್ಲಾಸಿನ ಕೆಲವರಿಗೆ ತಪಾನ್, ತಪನ್ ಎರಡೂ ಒಂದೇ ತರ ಕೇಳಿಸುತ್ತಿತ್ತು. ಮೊದಲನೆಯದು ಭೇಟಿ ಆಗುತ್ತೇನೆ, ಎರಡನೆಯದು ಕೊಲ್ಲುತ್ತೇನೆ! ಟೀಚರ್ ಅದಕ್ಕೆ ಒಂದು ಇಡೀ ದಿನ ಕೊಟ್ಟರು. ಅವರಿಗೆ ಆ ದಿನ ಬೇಕೇ ಬೇಕಿತ್ತು.

ಆದರೆ ಪಾರ್ತಿತೀವಿ ಬಂದಾಗ, ಕೌಪ್ಪ ಇದ್ದದ್ದು ಕೌಪನ್ ಆಗುವ ವ್ಯಂಜನದ ಬದಲಾವಣೆ ಬಂದಾಗ, ನಾವೂ ಎಲ್ಲರ ಹಾಗೆಯೇ ಒದ್ದಾಡುತ್ತೇವೆ. ಶುರುವಿನ ಎರಡು ತಿಂಗಳು ನೋಡಿ "ಈ ಕೋರ್ಸ್ ಮಕ್ಕಳಾಟ" ಅಂತ ಬರೆದು ಬಿಟ್ಟು ಹೋದವರು ಈ ಭಾಗಕ್ಕೆ ಬಂದೇ ಇರುವುದಿಲ್ಲ. ಎಲ್ಲಿಯವರೆಗೆ ಕೂತಿದ್ದಿರಿ ಅಂತ ದಯವಿಟ್ಟು ಹೇಳಿ.

ಔಲು_ಧಾರವಾಡ

ಎಸ್ಟೋನಿಯಾದವರು ನಮ್ಮ ಪಕ್ಕ ಕೂತಿದ್ದರು. ಅವರ ಭಾಷೆ ಫಿನ್ನಿಶ್‌ಗೆ ಹತ್ತಿರದ ನೆಂಟ. ಅವರ ಮುಂದೆ ನಮ್ಮ ಪ್ರತ್ಯಯದ ಜೋರು ನಡೆಯಲಿಲ್ಲ. ಹಾಗಾಗಿ ಬರೆಯುವಾಗ ಕ್ಲಾಸಲ್ಲಿ ಯಾರು ಯಾರು ಇದ್ದರು ಅನ್ನುವುದೂ ಬೇಕು.

ವಾಂತಾ_ಅಮ್ಮ

ಕ್ಲಾಸಲ್ಲಿ ಇಂಗ್ಲಿಷ್ ಬಳಸಬೇಕಾ ಬೇಡವಾ ಅನ್ನುವುದರ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಟೀಚರ್ ಮೊದಲ ದಿನದಿಂದ ಬರೀ ಫಿನ್ನಿಶ್. ಉಕ್ರೇನ್, ಸೊಮಾಲಿಯಾ, ಅಫ್ಘಾನಿಸ್ತಾನ, ಇರಾಕ್ ಎಲ್ಲ ಕಡೆಯವರು ಇರುವಾಗ ಇಂಗ್ಲಿಷ್ ಹೇಳಿದರೆ ನಮಗೊಬ್ಬರಿಗೆ ಲಾಭ, ಉಳಿದವರಿಗೆ ಅನ್ಯಾಯ. ನಮ್ಮವರೊಬ್ಬರು ಅದನ್ನೇ ದೊಡ್ಡ ದೂರು ಮಾಡಿ ಬರೆದಿದ್ದರು. ನನಗೆ ಅದು ಸರಿ ಅನ್ನಿಸಲಿಲ್ಲ. ಚಿತ್ರ ಬಿಡಿಸಿ, ಅಭಿನಯ ಮಾಡಿ, ಕೈಕಾಲು ಆಡಿಸಿ ಹೇಳಿಕೊಟ್ಟ ಪದಗಳು ಇವತ್ತಿಗೂ ನನಗೆ ಮರೆತಿಲ್ಲ.

ಹಾಸನ_ಹೆಲ್ಸಿಂಕಿ

ವಾಂತಾ ಅಕ್ಕ, ಇಲ್ಲಿ ನಾನು ಒಪ್ಪುವುದಿಲ್ಲ. ಹಗಲೆಲ್ಲ ಕೆಲಸ ಮಾಡಿ ಸಂಜೆ ಸುಸ್ತಾಗಿ ಬಂದವನಿಗೆ ಕರ್ಮಪದ ಯಾವಾಗ ಪಾರ್ತಿತೀವಿ ಆಗುತ್ತದೆ ಅನ್ನುವುದನ್ನು ಬರೀ ಫಿನ್ನಿಶ್‌ನಲ್ಲಿ ಹೇಳಿದರೆ ತಲೆಗೆ ಹೋಗುವುದಿಲ್ಲ. ಎರಡು ನಿಮಿಷ ಇಂಗ್ಲಿಷಲ್ಲಿ ಹೇಳಿದರೆ ಮುಗಿಯುತ್ತದೆ. ದಿನಪೂರ್ತಿ ಕೂರುವ ಕೊತೊ ಕೋರ್ಸಿಗೆ ನಿಮ್ಮ ಮಾತು ಸರಿ. ಸಂಜೆ ಕೋರ್ಸಿಗೆ ನನ್ನ ಮಾತೇ ಸರಿ ಅಂತ ನಾನು ಹೇಳುವುದು.

ವಾಂತಾ_ಅಮ್ಮ

ಇರಲಿ, ಇದರಲ್ಲಿ ನಿಮ್ಮ ದಾರಿ ನಿಮಗೆ, ನನ್ನ ದಾರಿ ನನಗೆ. ಆದರೆ ಕೋರ್ಸ್ ಬಗ್ಗೆ ಬರೆಯುವಾಗ ಯಾವ ಭಾಷೆಯಲ್ಲಿ ಕಲಿಸಿದರು ಅಂತ ಇಬ್ಬರೂ ಬರೆಯೋಣ. ಓದುವವರು ತಮಗೆ ಯಾವುದು ಹೊಂದುತ್ತದೋ ನೋಡಿಕೊಳ್ಳಲಿ.

ಹೊಸಬಳು_ಹೆಲ್ಸಿಂಕಿ

ಯುಕಿ ಪರೀಕ್ಷೆಗೆ ಕೋರ್ಸ್ ಎಷ್ಟು ಸಹಾಯ ಮಾಡುತ್ತದೆ? ಅದರ ಬಗ್ಗೆಯೂ ಬರೆಯಬೇಕಲ್ವಾ?

ತುರ್ಕು_ಟೀಚರ್

ಖಂಡಿತ. ಆದರೆ ಒಂದು ವಿಷಯ ತಿಳಿದಿರಲಿ. ಯುಕಿಯಲ್ಲಿ ನಾಲ್ಕು ಭಾಗ: ಓದುವುದು, ಕೇಳುವುದು, ಬರೆಯುವುದು, ಮಾತಾಡುವುದು. ಪೌರತ್ವಕ್ಕೆ ನಾಲ್ಕರಲ್ಲೂ 3 ಬರಬೇಕಾಗಿಲ್ಲ. ಮಾತು ಮತ್ತು ಬರಹ, ಇಲ್ಲಾ ಕೇಳುವುದು ಮತ್ತು ಬರಹ, ಇಲ್ಲಾ ಓದು ಮತ್ತು ಮಾತು, ಈ ಮೂರರಲ್ಲಿ ಒಂದು ಜೋಡಿ ಬಂದರೆ ಸಾಕು. ಹಾಗಾಗಿ "ಈ ಕೋರ್ಸಿಂದ ಯುಕಿ ಪಾಸಾದೆ" ಅನ್ನುವುದಕ್ಕಿಂತ "ಬರಹಕ್ಕೆ ತುಂಬಾ ಸಹಾಯ ಆಯಿತು, ಮಾತಿಗೆ ಏನೂ ಆಗಲಿಲ್ಲ" ಅಂತ ಬರೆದರೆ ಉಪಕಾರ. ಮಧ್ಯಮ ಹಂತದ ಮಾತಿನ ಪರೀಕ್ಷೆ ಮನುಷ್ಯರ ಎದುರು ನಡೆಯುವುದಿಲ್ಲ. ಹೆಡ್‌ಫೋನ್ ಹಾಕಿಕೊಂಡು, ಟೈಮ್ ನೋಡಿಕೊಂಡು ರೆಕಾರ್ಡ್ ಮಾಡಬೇಕು. ಪಕ್ಕದವರೂ ಅದೇ ಹೊತ್ತಲ್ಲಿ ಮಾತಾಡುತ್ತಿರುತ್ತಾರೆ. ಕೋರ್ಸಲ್ಲಿ ಒಂದು ಸಲವಾದರೂ ಹೀಗೆ ಅಭ್ಯಾಸ ಮಾಡಿಸಿದರಾ ಇಲ್ಲವಾ, ಅದು ಎಲ್ಲರಿಗೂ ಬೇಕಾದ ಮಾಹಿತಿ.

ಮತ್ತೆ ಹೊಸಬಳೇ, ಕೋರ್ಸ್ ಕೊನೆಯ ದಿನದವರೆಗೂ ಕಾಯಬೇಡ. ಮಧ್ಯದಲ್ಲೇ ಒಂದು ಅಭಿಪ್ರಾಯ ಕೇಳುವ ಪದ್ಧತಿ ಎಷ್ಟೋ ಕಡೆ ಇದೆ. ಕೇಳದಿದ್ದರೆ ನೀನೇ ಕೇಳು. ಮಧ್ಯದಲ್ಲಿ ಹೇಳಿದ್ದು ನಿನಗೇ ಉಪಯೋಗಕ್ಕೆ ಬರುತ್ತದೆ. ಕೊನೆಯಲ್ಲಿ ಹೇಳಿದ್ದು ಬರೀ ಮುಂದಿನವರಿಗೆ.

ಸುಳ್ಯ_ಯುವಾಸ್ಕುಲಾ

ಇಷ್ಟು ದಿನ ಸುಮ್ಮನೆ ಓದುತ್ತಿದ್ದೆ. ಮಾತು ಬಹಳ ಆಯಿತು, ಒಂದು ನಿಜವಾದ ಅಭಿಪ್ರಾಯ ಬರೆದು ನೋಡೋಣ ಅನ್ನಿಸಿತು. ನಾನು ಹೋದದ್ದು ಊರಿನ ವಯಸ್ಕರ ಕಾಲೇಜಿನ ಸಂಜೆ ಕೋರ್ಸಿಗೆ.

ಸೇರಿದಾಗ ನನಗೆ ಎ1 ಮುಗಿದಿತ್ತು. ಅಂಗಡಿಯಲ್ಲಿ ಬೆಲೆ ಕೇಳಲು, ನನ್ನ ಬಗ್ಗೆ ನಾಲ್ಕು ಮಾತು ಹೇಳಲು ಬರುತ್ತಿತ್ತು, ಉತ್ತರ ಅರ್ಥ ಆಗುತ್ತಿರಲಿಲ್ಲ. ವಾರಕ್ಕೆ ಎರಡು ಸಂಜೆ, ಸೆಪ್ಟೆಂಬರಿಂದ ಏಪ್ರಿಲ್‌ವರೆಗೆ. ಕೊನೆಯವರೆಗೂ ಕೂತೆ. ಕ್ಲಾಸಲ್ಲಿ ಸುಮಾರು ಇಪ್ಪತ್ತು ಜನ, ಜಾಸ್ತಿ ಯೂನಿವರ್ಸಿಟಿಯ ಕಡೆಯವರು, ಕೆಲವರು ಬಸ್ ಡ್ರೈವರ್‌ಗಳು, ಕ್ಲೀನಿಂಗ್ ಕೆಲಸದವರು. ಟೀಚರ್ ಫಿನ್ನಿಶ್‌ನಲ್ಲಿ ಹೇಳಿ, ಕಷ್ಟದ ವ್ಯಾಕರಣ ಮಾತ್ರ ಇಂಗ್ಲಿಷಲ್ಲಿ ಹೇಳುತ್ತಿದ್ದರು. ಇಂಗ್ಲಿಷ್ ಬಾರದ ಇಬ್ಬರಿಗೆ ಆಗ ಕಷ್ಟ ಆಗುತ್ತಿತ್ತು, ಅದು ನನ್ನ ಕಣ್ಣಿಗೇ ಕಾಣುತ್ತಿತ್ತು.

ಚೆನ್ನಾಗಿದ್ದದ್ದು: ಪ್ರತಿ ವಾರ ಒಂದು ಸಣ್ಣ ಬರಹ ಬರೆಸುತ್ತಿದ್ದರು. ಮನೆ ಓನರ್‌ಗೆ ಮೇಲ್, ಮಗುವಿನ ಶಾಲೆಗೆ ರಜೆ ಚೀಟಿ, ಪಕ್ಕದ ಮನೆಯವರಿಗೆ ಲಾಂಡ್ರಿ ರೂಮಿನ ಬಗ್ಗೆ ದೂರು. ತಪ್ಪುಗಳನ್ನು ತಿದ್ದಿ ಮುಂದಿನ ವಾರವೇ ವಾಪಸ್ ಕೊಡುತ್ತಿದ್ದರು. ಈಗ ಹೌಸಿಂಗ್ ಕಂಪನಿಗೆ ನಾನೇ ಫಿನ್ನಿಶ್‌ನಲ್ಲಿ ಮೇಲ್ ಹಾಕುತ್ತೇನೆ.

ಕೊರತೆ: ಮಾತಾಡುವುದು ತೀರಾ ಕಡಿಮೆ. ಇಪ್ಪತ್ತು ಜನರಿಗೆ ಒಂದೂವರೆ ಗಂಟೆಯಲ್ಲಿ ಎಷ್ಟು ಸಿಗುತ್ತದೆ? ಕೇಳುವ ಅಭ್ಯಾಸ ಪುಸ್ತಕದ ರೆಕಾರ್ಡಿಂಗ್ ಮಾತ್ರ, ಎಲ್ಲ ಸ್ಪಷ್ಟ ಸ್ಪಷ್ಟ. ಡಿಸೆಂಬರ್‌ನಲ್ಲಿ ನಾನು ಮತ್ತೆ ಒಬ್ಬ ವಿಯೆಟ್ನಾಂನವರು ಹೋಗಿ ಇದನ್ನು ಹೇಳಿದೆವು. ಜನವರಿಯಿಂದ ಶುರುವಿನ ಹತ್ತು ನಿಮಿಷ ಇಲ್ಲಿನ ಸಾರ್ವಜನಿಕ ರೇಡಿಯೋ-ಟಿವಿ ಸಂಸ್ಥೆ ಯೂಲೆಯ ಸೆಲ್ಕೊ ಊತಿಸೆತ್, ಅಂದರೆ ಸರಳ ಫಿನ್ನಿಶ್ ಸುದ್ದಿ, ಕೇಳಿ ಇಬ್ಬಿಬ್ಬರು ಅದರ ಬಗ್ಗೆ ಮಾತಾಡುವುದು ಸೇರಿತು. ಗುಂಪಿನ ಗಾತ್ರ ಮಾತ್ರ ತಮ್ಮ ಕೈಯಲ್ಲಿ ಇಲ್ಲ ಅಂದರು. ಅದನ್ನು ಫಾರ್ಮ್‌ನಲ್ಲಿ ಕಾಲೇಜಿಗೆ ಬರೆದಿದ್ದೇನೆ.

ಮನೆಯಲ್ಲಿ ನಾನು ದಿನಾ ಅರ್ಧ ಗಂಟೆ ಕೂರುತ್ತಿದ್ದೆ, ಶನಿವಾರ ಲೈಬ್ರರಿಯ ಲ್ಯಾಂಗ್ವೇಜ್ ಕೆಫೆಗೆ ಹೋಗುತ್ತಿದ್ದೆ. ಮಾತು ಬಂದದ್ದು ಅಲ್ಲಿಂದ, ಕೋರ್ಸಿಂದ ಅಲ್ಲ. ಯುಕಿಯ ರೆಕಾರ್ಡಿಂಗ್ ಅಭ್ಯಾಸ ಒಂದು ಸಲವೂ ಮಾಡಿಸಲಿಲ್ಲ. ಬರಹ ಗಟ್ಟಿ ಮಾಡಿಕೊಳ್ಳಬೇಕು ಅನ್ನುವವರು, ಹೊರಗೆ ಮಾತಾಡಲು ಅವಕಾಶ ಇರುವವರು ಧೈರ್ಯವಾಗಿ ಸೇರಿ. ಬಾಯಿ ಬಿಡಲು ಭಯ, ಅದಕ್ಕೇ ಕೋರ್ಸ್ ಬೇಕು ಅನ್ನುವವರಿಗೆ ಇದು ಬೇಡ.

ಮಲೆನಾಡು_ಎಸ್ಪೊ

ಇದೇ ನೋಡಿ ನಾನು ಕೇಳಿದ್ದು! ಇದನ್ನು ಮೇಲೆ ಪಿನ್ ಮಾಡಿಸುತ್ತೇನೆ. ಎಸ್ಪೊ, ವಾಂತಾ ಕಡೆಯ ಕೋರ್ಸ್‌ಗಳ ಬಗ್ಗೆಯೂ ಈ ತರ ಬೇಕು. ಯಾರು ಬರೆಯುತ್ತೀರಿ?

ತಾಂಪೆರೆ_ಹುಡುಗ

ತಾಂಪೆರೆಯದ್ದು ನಾನು ಬರೆಯುತ್ತೇನೆ. ಭಾನುವಾರದೊಳಗೆ.

ವಾಂತಾ_ಅಮ್ಮ

ವಾಂತಾದ್ದು ನನಗೆ ಬಿಡಿ. ಡೇಕೇರಿನ ಪದಗಳ ಪಟ್ಟಿಯನ್ನೂ ಜೊತೆಗೆ ಹಾಕುತ್ತೇನೆ, ಕುರಾಹೌಸುತ್‌ನಿಂದ ಶುರು ಮಾಡಿ. ಅದೇ ಪಟ್ಟಿಯನ್ನು ನಮ್ಮ ಹಳೆಯ ಟೀಚರ್‌ಗೂ ಮೇಲ್ ಮಾಡುತ್ತೇನೆ. ಅವರಿಗೆ ಮುಂದಿನ ತಿಂಗಳು ಹೊಸ ಗುಂಪು ಶುರು ಆಗುತ್ತಿದೆಯಂತೆ.